ಸುತ್ತಿದ ತಂತಿಗೆ ತಿನ್ನರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಹಲಸೂರಿನ ಅವರ ಬೀದಿಯಲ್ಲಿ ಮತ್ತೊಂದು. ಮೂರೂ ಅವರಿಗೆ ಸರಿಬರುತ್ತಿರಲಿಲ್ಲ. "ಅಕ್ಕ ಅನ್ನು ಸಾಕು, ಅದಕ್ಕೆ ಸ್ಪೆಲ್ಲಿಂಗ್ ತಪ್ಪಾಗಲ್ಲ" ಎಂದು ಪರಿಚಯವಾದ ವಾರವೇ ಹೇಳಿದ್ದರು. ಅಕ್ಕ ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋದಾಗ ನನಗೆ ಅಳು ಬರಲಿಲ್ಲ. ಮೂರು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೊಂದು ಅಳುವಿಗೆ ಅಡ್ಡ ಕೂತಿತ್ತು. ಅದನ್ನು ಹೇಳಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅವರು ಎಂಥವರೆಂದು ಹೇಳದೆ ಆ ಮಾತಿಗೆ ಬಂದರೆ ಇದು ನನ್ನ ಗೋಳಾಗಿಬಿಡುತ್ತದೆ.

ಕೆ.ಆರ್. ಪುರದ ಆಚೆ ರಿಲೇ, ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಖಾಸಗಿ ಕಾರ್ಖಾನೆಯೊಂದಿತ್ತು. ಅದರ ವೈಂಡಿಂಗ್ ಸೆಕ್ಷನ್ನಿನಲ್ಲಿ ಮೂವತ್ತು ಹೆಂಗಸರು ಸಾಲಾಗಿ ಕೂತು ಬಾಬಿನ್ ಎಂಬ ಸಣ್ಣ ಉರುಳೆಗಳ ಮೇಲೆ ತಾಮ್ರದ ತಂತಿ ಸುತ್ತುತ್ತಿದ್ದರು. ಕೂದಲಿಗಿಂತ ಸಣ್ಣ ತಂತಿ, ಪಕ್ಕದಲ್ಲಿ ಯಾರಾದರೂ ಸೀನಿದರೆ ತುಂಡಾಗುವಂಥದ್ದು. ಹೀಗೆ ಸುತ್ತಿದ್ದಕ್ಕೆ ಕಾಯಿಲ್ ಎನ್ನುತ್ತಿದ್ದೆವು. ಅಕ್ಕ ಆ ಸಾಲಿನ ಮೊದಲ ಮೆಷಿನ್ನಿನವರು. ನಾನು ರಾಮಮೂರ್ತಿ ನಗರದ ಮಗ್ಗುಲಿನ ಹಳೇ ಊರಿನವಳು. ಹೊಲಗಳೆಲ್ಲ ಸೈಟುಗಳಾಗಿ, ರಾಗಿ ಕಣದ ಜಾಗದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ನಮ್ಮ ಮನೆತನದಲ್ಲಿ ಡಿಪ್ಲೊಮಾ ಓದಿದ ಮೊದಲ ಹುಡುಗಿ. ಆ ಜಂಬ ಸಾಕಷ್ಟಿತ್ತು. ಅವರೆಲ್ಲ ಸುತ್ತಿದ ಕಾಯಿಲ್‌ಗಳನ್ನು ಮೀಟರಿಗಿಟ್ಟು ಪಾಸು, ಫೇಲು ಎಂದು ಹೇಳುವ ಇನ್‌ಸ್ಪೆಕ್ಷನ್ ಕೆಲಸ ನನ್ನದು.

ಮೊದಲ ದಿನವೇ ಅಕ್ಕನ ಹನ್ನೊಂದು ಕಾಯಿಲ್ ಫೇಲು ಮಾಡಿದೆ. ಅವರು ಜಗಳಕ್ಕೆ ಬರಲಿಲ್ಲ. ಊಟದ ಹೊತ್ತಿಗೆ ಟಿಫಿನ್ ಡಬ್ಬಿ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು.

"ಇನ್‌ಸ್ಪೆಕ್ಟ್ರಮ್ಮಾ, ಮೀಟ್ರಿಗೆ ಊಟ ಹಾಕಿದ್ದೀಯಾ?"

ನನಗೆ ಅರ್ಥವಾಗಲಿಲ್ಲ. ಅವರೇ ಮೀಟರನ್ನು ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಾಯಿಸಿದರು. ಹನ್ನೊಂದೂ ಪಾಸಾದವು. ಸೆಕ್ಷನ್ ಪೂರ್ತಿ ನಕ್ಕಿತು, ನನ್ನ ಕಿವಿ ಕೆಂಪಾಯಿತು. ಅಕ್ಕ ಮಾತ್ರ ನಗದೆ ಡಬ್ಬಿಯಿಂದ ನಿಂಬೆಹಣ್ಣಿನ ಚಿತ್ರಾನ್ನ ತೆಗೆದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ಅವತ್ತಿನಿಂದ ಕಾರ್ಖಾನೆ ಮುಚ್ಚುವ ತನಕ ನಾನು ಒಬ್ಬಳೇ ಊಟ ಮಾಡಿದ ನೆನಪಿಲ್ಲ.

ಅವರ ಮನೆಮಾತು ತಮಿಳು. ದೇವರನ್ನು ತಮಿಳಿನಲ್ಲಿ ಕರೆಯುತ್ತಿದ್ದರು, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೀನಿನವನ ಜೊತೆ ದಖನಿಯಲ್ಲಿ ಚೌಕಾಸಿ ಮಾಡುತ್ತಿದ್ದರು, ನಮ್ಮನ್ನು ಬೈಯುವುದಕ್ಕೆ ಕನ್ನಡ ಇಟ್ಟುಕೊಂಡಿದ್ದರು. ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಕಾರ್ಖಾನೆಯಲ್ಲಿ ಕಲಿತ ಹತ್ತಿಪ್ಪತ್ತು ಇಂಗ್ಲಿಷ್ ಪದಗಳು ಅವರಿಗೆ ಇಂಗ್ಲಿಷಾಗಿರಲೇ ಇಲ್ಲ. ಬಾಬಿನ್, ಗೇಜು, ಶಾರ್ಟು, ವಾರ್ನಿಷು, ತಿನ್ನರ್ ಎಲ್ಲವೂ ಸೌಟು ಚಮಚದ ಹಾಗೆ ಕೈಗೆ ಸಿಗುವ ಸಾಮಾನುಗಳು. ಈ ತಿನ್ನರ್ ಎನ್ನುವುದನ್ನು ಕಂಡರೆ ಮಾತ್ರ ಅವರಿಗಾಗುತ್ತಿರಲಿಲ್ಲ. ಸುತ್ತಿದ ಕಾಯಿಲ್‌ಗೆ ವಾರ್ನಿಷ್ ಹಾಕಿ ಒಣಗಿಸಿದರೆ ತಂತಿ ಅಲುಗದೆ ಕೂರುತ್ತದೆ. ವಾರ್ನಿಷ್ ಗಟ್ಟಿಯಾದರೆ ಅದನ್ನು ತೆಳು ಮಾಡುವುದಕ್ಕೆ ತಿನ್ನರ್ ಬೇಕು. ಅದೇ ತಿನ್ನರ್ ಅಪ್ಪಿತಪ್ಪಿ ಕಾಯಿಲ್ ಮೇಲೆ ಚೆಲ್ಲಿದರೆ ವಾರ್ನಿಷ್ ಕರಗಿ, ಸುತ್ತು ಸಡಿಲಾಗಿ, ದಿನದ ಕೆಲಸ ಹಾಳು. ಒಮ್ಮೆ ಹೊಸ ಹುಡುಗಿಯೊಬ್ಬಳು ಅಕ್ಕನ ಟ್ರೇ ಪಕ್ಕದಲ್ಲಿ ತಿನ್ನರ್ ಡಬ್ಬ ಇಟ್ಟಿದ್ದಕ್ಕೆ ಅವಳನ್ನು ಸಂಜೆ ಬಸ್ಸು ಬರುವ ತನಕ ಬೈದಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮೆಷಿನ್ ಮುಂದೆ ಕೂತಿದ್ದ ಅಕ್ಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಯಾರೋ ಒಳಗಿಂದ ಹೊಡೆದಂಗಾಯ್ತು ಕಣೇ" ಎಂದರು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು. ನಾನು ಓಡಿ ಬರುವಷ್ಟರಲ್ಲಿ ಅವರು ಮೆಷಿನ್ ಆರಿಸಿ, ಅರ್ಧ ಸುತ್ತಿದ್ದ ತಂತಿಯ ತುದಿಗೆ ಟೇಪು ಅಂಟಿಸಿ, ಆಮೇಲೆ ವಾಂತಿ ಮಾಡಿ ಕುಸಿದರು. ಆ ಟೇಪು ಅಂಟಿಸಿದ ಬೆರಳುಗಳು ಈಗಲೂ ನನ್ನ ಕಣ್ಣ ಮುಂದಿವೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಅವರಿಗೂ ಅವರ ತಂಗಿಗೂ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಬ್ಲೌಸ್ ಹೊಲಿಯುವ ತಂಗಿ ಒಬ್ಬರೇ ಜೊತೆಗಿದ್ದವರು, ಅವರಿಗೂ ಇಂಗ್ಲಿಷ್ ಬಾರದು. ಡಾಕ್ಟರು ಹೊರರಾಜ್ಯದವರು, ಒಳ್ಳೆಯ ಮನುಷ್ಯ, ಇಂಗ್ಲಿಷ್ ಬಿಟ್ಟು ಮಾತಿಲ್ಲ. ಮೆದುಳಿನ ರಕ್ತನಾಳ ಒಂದು ಕಡೆ ಸವೆದು, ಸೈಕಲ್ ಟ್ಯೂಬು ಉಬ್ಬಿದ ಹಾಗೆ ಎಡಗಣ್ಣಿನ ಹಿಂದೆ ಉಬ್ಬಿಕೊಂಡಿದೆ, ಅಲ್ಲಿಂದ ರಕ್ತ ಸೋರಿದೆ, ತಲೆ ಕೊಯ್ಯದೆ ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ತಂತಿ ಬಿಟ್ಟು ಆ ಉಬ್ಬಿನೊಳಗೆ ಕಾಯಿಲ್ ತುಂಬುತ್ತೇವೆ ಎಂದರು.

ಕಾಯಿಲ್ ಎಂಬ ಮಾತು ಕೇಳಿದ್ದೇ ತಡ, ಮಂಪರಿನಲ್ಲಿದ್ದ ಅಕ್ಕ ಕಣ್ಣು ಬಿಟ್ಟರು.

"ಯಾವ ಗೇಜು ಅಂತ ಕೇಳು."

"ಅಕ್ಕ, ಸುಮ್ನಿರಿ."

"ಕೇಳೇ ಅಂದ್ರೆ."

ನಾಚಿಕೆಯಾಗುತ್ತಿದ್ದರೂ ತಂತಿ ಎಷ್ಟು ದಪ್ಪದ್ದೆಂದು ಕೇಳಿದೆ. ಡಾಕ್ಟರು ಜೋರಾಗಿ ನಕ್ಕರು. ವಾರದ ನಂತರ, ಎಲ್ಲ ಸುಸೂತ್ರವಾಗಿ ಆದ ಮೇಲೆ, ತೋರಿಸಲಿಕ್ಕೆಂದು ಇಟ್ಟಿದ್ದ ಪ್ಲಾಟಿನಂ ಕಾಯಿಲೊಂದನ್ನು ತಂದು ಅಕ್ಕನ ಅಂಗೈ ಮೇಲೆ ಇಟ್ಟರು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಮುಟ್ಟಿ, ತುಟಿಗೆ ತಾಗಿಸಿ ಬಹಳ ಹೊತ್ತು ನೋಡಿದರು. "ಸುತ್ತಿದೋಳ ಕೈ ಚೆನ್ನಾಗೈತೆ" ಎಂದರು. ಅದನ್ನು ಯಾವುದೋ ದೇಶದ ಮೆಷಿನ್ ಸುತ್ತಿರುತ್ತದೆ ಎಂದೆ. ಮೆಷಿನ್ ಮುಂದೆ ಒಬ್ಬ ಹೆಂಗಸು ಕೂತೇ ಇರುತ್ತಾಳೆ ಎಂಬುದು ಅವರ ವಾದ.

ಎರಡು ತಿಂಗಳಿಗೆ ಕೆಲಸಕ್ಕೆ ಬಂದರು. ಆಸ್ಪತ್ರೆಯ ಕಥೆಯನ್ನು ಬಸ್ಸಿನಲ್ಲಿ ಹೇಳುವಾಗ ಕಂಡಕ್ಟರನೂ ಟಿಕೆಟ್ ಹರಿಯುವುದು ಬಿಟ್ಟು ನಿಲ್ಲುತ್ತಿದ್ದ. "ನಾನ್ ಇಪ್ಪತ್ ವರ್ಷ ಕಾಯಿಲ್ ಸುತ್ತಿದೆ, ಈಗ ಕಾಯಿಲ್ ನನ್ನೊಳಗೇ ಬಂದು ಕೂತೈತೆ ಕಣಪ್ಪಾ." ಆದರೆ ವರ್ಷ ಕಳೆದು ಮತ್ತೆ ಪರೀಕ್ಷೆ ಮಾಡಿದಾಗ ರಕ್ತದ ಹೊಡೆತಕ್ಕೆ ಆ ಕಾಯಿಲ್ ಒತ್ತಿಕೊಂಡು ಮೂಲೆ ಸೇರಿತ್ತು, ಬುಡದಲ್ಲಿ ಉಬ್ಬು ಮತ್ತೆ ತುಂಬಿಕೊಳ್ಳುತ್ತಿತ್ತು. ಇನ್ನೊಂದಷ್ಟು ಕಾಯಿಲ್ ಹಾಕಿದರು. ಅದೂ ಮೂರು ನಾಲ್ಕು ವರ್ಷ ನಿಂತಿತು. ಅಷ್ಟರಲ್ಲಿ ನಮ್ಮ ಕಾರ್ಖಾನೆ ಬಾಗಿಲು ಹಾಕಿತು. ನಾನು ಮಾರತ್ತಹಳ್ಳಿಯ ಕಂಪನಿಯೊಂದಕ್ಕೆ ಕ್ವಾಲಿಟಿ ವಿಭಾಗದ ಕೆಲಸಕ್ಕೆ ಸೇರಿದೆ. ಅಕ್ಕ ಮನೆಯಲ್ಲಿ ತಂಗಿ ಹೊಲಿದ ಬ್ಲೌಸಿಗೆ ಹುಕ್ಕು ಹಾಕುತ್ತ ಕೂತರು. ಮೂರನೇ ಸಲ ಉಬ್ಬು ಕಾಣಿಸಿಕೊಂಡಾಗ ಅವರು ಮೊದಲ ಬಾರಿಗೆ ಹೆದರಿದ್ದನ್ನು ನೋಡಿದೆ.

"ಸಾಯೋದಕ್ಕಲ್ಲ ಕಣೇ. ಮಾಡಿದ್ ಕೆಲ್ಸ ನಿಲ್ತಾ ಇಲ್ವಲ್ಲ, ಅದಕ್ಕೆ" ಎಂದರು.

ಈ ಸಲ ಡಾಕ್ಟರು ಹೊಸತೊಂದು ಹೇಳಿದರು. ರಕ್ತನಾಳದ ಒಳಗೆ, ಉಬ್ಬಿನ ಬಾಯಿಗೆ ಅಡ್ಡವಾಗಿ, ಸಣ್ಣ ಬಲೆಯ ಕೊಳವೆಯೊಂದನ್ನು ಕೂರಿಸುತ್ತಾರೆ. ಅದಕ್ಕೆ ಸ್ಟೆಂಟ್ ಎನ್ನುತ್ತಾರೆ. ಹೃದಯಕ್ಕೆ ಹಾಕುವುದನ್ನು ಕೇಳಿದ್ದೆವು, ತಲೆಗೂ ಹಾಕುತ್ತಾರೆಂದು ಗೊತ್ತಿರಲಿಲ್ಲ. ಆ ಬಲೆಯ ಕಂಡಿಯಿಂದ ಕಾಯಿಲ್ ತುಂಬಿದರೆ ಅದು ಮತ್ತೆ ಜಾರಿ ಬರುವ ಹಾಗಿಲ್ಲ. ನಾನು ಒದ್ದಾಡಿಕೊಂಡು ಕನ್ನಡ ಮಾಡುತ್ತಿದ್ದೆ. ಅಕ್ಕ ಅರ್ಧಕ್ಕೇ ತಡೆದರು.

"ಬಾಬಿನ್ನಿಗೆ ಪಕ್ಕದ್ ತಟ್ಟೆ ಹಾಕ್ತಾರೆ ಅನ್ನು. ತಡೆ ಇಲ್ದೆ ಸುತ್ತಿದ್ರೆ ತಂತಿ ಜಾರ್ದೆ ಇರ್ತದಾ? ಮೊದ್ಲೇ ಕೇಳಿದ್ರೆ ನಾನೇ ಹೇಳ್ತಿದ್ದೆ ಇವ್ರಿಗೆ."

ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನನ್ನ ವಿದ್ಯಾರ್ಥಿಗಳಿಗೆ ಇನ್ನು ಮೇಲೆ ಹೀಗೇ ಹೇಳಿಕೊಡುತ್ತೇನೆ" ಎಂದರು. ಅಕ್ಕನ ಮುಖ ಅರಳಿತು. ಅವರಿಗೆ ಅರ್ಥವಾಗದೆ ಇರುವ ಯಾವುದೂ ಇನ್ನು ಉಳಿದಿಲ್ಲ ಎಂದುಕೊಂಡು ನಾನೂ ನಿರಾಳವಾದೆ.

ಸ್ಟೆಂಟ್ ಕೂರಿಸಿ ಮನೆಗೆ ಕಳಿಸುವ ದಿನ ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟರು. ಸ್ಟೆಂಟ್ ಎಂಬುದು ಲೋಹ, ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಹಾಗಾಗದಂತೆ ತಡೆಯುವ ಮಾತ್ರೆಗಳಿವು, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಒಂದು ದಿನವೂ ತಪ್ಪಿಸಬಾರದು ಎಂದರು. ಇಂಗ್ಲಿಷಿನಲ್ಲಿ ಅವರು ಬಳಸಿದ್ದು 'ಬ್ಲಡ್ ತಿನ್ನರ್' ಎಂಬ ಮಾತು. ನನಗೆ ಆಫೀಸಿಗೆ ಹೊತ್ತಾಗುತ್ತಿತ್ತು. ಹೆಪ್ಪುಗಟ್ಟುವ ವಿಚಾರ ಬಿಟ್ಟುಬಿಟ್ಟೆ. ಚೀಟಿಯನ್ನು ಅಕ್ಕನ ಕೈಗೆ ಕೊಟ್ಟು, "ಬ್ಲಡ್ ತಿನ್ನರ್ ಅಂತೆ ಅಕ್ಕ, ದಿನಾ ತಗೋಬೇಕಂತೆ" ಎಂದೆ. ಅಷ್ಟೇ ಹೇಳಿದ್ದು. ಅವರು ಚೀಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಏನೋ ಕೇಳಬೇಕೆಂದು ಬಾಯಿ ತೆರೆದರು. ನಾನು ಆಟೋ ಹುಡುಕಲು ಹೋದೆ.

ಇಪ್ಪತ್ತು ವರ್ಷ ಕಾಯಿಲ್‌ಗೆ ತಿನ್ನರ್ ತಾಗದ ಹಾಗೆ ಕಾಯ್ದ ಹೆಂಗಸಿಗೆ, ತಲೆಯೊಳಗಿನ ಕಾಯಿಲ್ ಮೇಲೆ ದಿನಾ ತಿನ್ನರ್ ಹಾಕಿಕೋ ಎಂದು ಹೇಳಿಬಂದಿದ್ದೆ. ಅದೂ ಎರಡು ಸಲ ಸಡಿಲಾಗಿ ಮೂರನೇ ಸಲ ಕೂರಿಸಿದ ಕಾಯಿಲ್. ಇದು ನನಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿಹೋಗಿತ್ತು.

ಎರಡು ತಿಂಗಳು ಮಾತ್ರೆ ನುಂಗಿದರು. ನನ್ನ ಮೇಲಿನ ನಂಬಿಕೆಯಿಂದಲೇ ನುಂಗಿರಬೇಕು. ಆಮೇಲೆ ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳೆದ್ದವು, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಆ ಮಾತ್ರೆಗೆ ಹಾಗಾಗುವುದುಂಟಂತೆ. ಒಂದು ಬುಧವಾರ ಮಧ್ಯಾಹ್ನ ಫೋನು ಬಂತು. ಆ ದಿನ ನಮ್ಮ ಕಂಪನಿಗೆ ಹೊರದೇಶದ ಗಿರಾಕಿಗಳು ಬಂದಿದ್ದರು, ನಾನು ಕೈಯಲ್ಲಿ ಫೈಲು ಹಿಡಿದು ಮೀಟಿಂಗಿನ ಬಾಗಿಲಲ್ಲಿ ನಿಂತಿದ್ದೆ.

"ಬಿಜೀನಾ ಇನ್‌ಸ್ಪೆಕ್ಟ್ರಮ್ಮಾ?"

"ಹೇಳಿ ಅಕ್ಕ, ಬೇಗ."

"ಒಂದ್ ಮಾತು ಕೇಳ್ತೀನಿ, ನಗ್ಬೇಡ. ಸುತ್ತಿ ಮುಗಿಸಿದ್ ಕಾಯಿಲ್‌ಗೆ ಯಾರಾದ್ರೂ ತಿನ್ನರ್ ಹಾಕ್ತಾರಾ? ಮೈಯೆಲ್ಲ ಕಲೆ ಆಗ್ತಾ ಐತೆ. ಈ ಮಾತ್ರೆ ಬಿಟ್ರೆ ಏನಾಗ್ತದೆ?"

ನಾನು ನಕ್ಕುಬಿಟ್ಟೆ. ನಗಬೇಡ ಎಂದು ಹೇಳಿದ ಮೇಲೂ ನಕ್ಕೆ. ಒಳಗಿಂದ ಮ್ಯಾನೇಜರ್ ಕೈ ಮಾಡಿ ಕರೆಯುತ್ತಿದ್ದರು.

"ಅಯ್ಯೋ ಅಕ್ಕ, ಅದು ಬೇರೆ ಇದು ಬೇರೆ. ಎರಡ್ ದಿನ ಬಿಟ್ರೆ ಏನೂ ಆಗಲ್ಲ ಬಿಡಿ. ಶನಿವಾರ ಡಾಕ್ಟ್ರ ಹತ್ರ ಹೋಗೋಣ, ಅವ್ರನ್ನೇ ಕೇಳೋಣ."

"ಹಂಗಂತೀಯಾ?"

"ಹೂಂ ಅಕ್ಕ, ಇಡ್ತೀನಿ."

ಶುಕ್ರವಾರ ಬೆಳಿಗ್ಗೆ ಅಕ್ಕ ಸ್ನಾನ ಮುಗಿಸಿ ಬಂದು ಕಾಫಿ ಲೋಟ ಎತ್ತಿಕೊಳ್ಳಲು ಹೋದಾಗ ಬಲಗೈ ಏಳಲಿಲ್ಲ. ತಂಗಿ ಏನಾಯಿತೆಂದು ಕೇಳಿದರೆ ಬಾಯಿಂದ ಮಾತು ಹೊರಡಲಿಲ್ಲ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ನಾನು ಆಸ್ಪತ್ರೆಗೆ ಓಡಿದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಮಾತ್ರೆಯದು, ಅದನ್ನು ತಂಗಿಗೆ ಕನ್ನಡದಲ್ಲಿ ಹೇಳಿದೆ. ತಂಗಿ ಅಳುತ್ತ, "ಬಿಟ್ಬಿಟ್ಟಿದ್ಲು ಸಾರ್" ಎಂದರು. ಎಷ್ಟು ದಿನದಿಂದ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ತಂಗಿಗೆ ಹೇಳಲೇ ಇಲ್ಲ. ಎರಡು ದಿನ ಎಂದು ನಾನೇ ಉತ್ತರ ಕೊಟ್ಟೆ. ಡಾಕ್ಟರು ಹುಬ್ಬು ಗಂಟಿಕ್ಕಿ, ಮಾತ್ರೆಯ ಗುಣ ಅಷ್ಟು ಬೇಗ ಇಳಿಯುವುದಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಯಾರ ಮಾತು ಕೇಳಿ ಬಿಟ್ಟರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕ ಉಳಿದರು. ಬಲಗೈ ಮಡಿಲಲ್ಲಿ ಬಿದ್ದೇ ಇರುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಮಾತು ಹೋಗಿತ್ತು. ಮೂರು ಭಾಷೆಯ ಜಾಗದಲ್ಲಿ "ಅದೇ, ಅದೇ" ಎಂಬ ಒಂದೇ ಮಾತು ಉಳಿಯಿತು. ಕೋಪಕ್ಕೂ ಅದೇ, ಹಸಿವಿಗೂ ಅದೇ, ನಾನು ಬಂದಾಗಿನ ಖುಷಿಗೂ ಅದೇ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಅದು ಇನ್ನೂ ಕಷ್ಟ. ಟಿವಿಯ ರಿಮೋಟು ಕೆಟ್ಟಾಗ ಎಡಗೈಯಲ್ಲಿ ಅದನ್ನು ತಿರುಗಿಸಿ, ಹಿಂದಿನ ಮುಚ್ಚಳ ತೋರಿಸಿ, ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ ನಕ್ಕಿದ್ದರು. ಅವತ್ತು ಹೇಳಿಬಿಡಬೇಕಿತ್ತು. ಪ್ರತಿ ಭಾನುವಾರ ಹಲಸೂರಿನ ಬಸ್ಸು ಹತ್ತುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಕೆರೆಯ ಬದಿಯಲ್ಲಿ ಇಳಿದು ಹಣ್ಣು ಕೊಳ್ಳುವಾಗಲೂ ಅದೇ ನಿರ್ಧಾರ. ಒಳಗೆ ಹೋಗಿ ಅವರ ಮುಖ ನೋಡಿದರೆ ಹವಾಮಾನ, ಬಸ್ಸು, ಟೊಮೆಟೊ ಎಂದು ಹರಟಿ ಎದ್ದು ಬರುತ್ತಿದ್ದೆ. ಉತ್ತರ ಕೊಡಲಾಗದವರ ಮುಂದೆ ತಪ್ಪು ಒಪ್ಪಿಕೊಂಡು ನನ್ನ ಭಾರ ಇಳಿಸಿಕೊಳ್ಳುವುದು ಸರಿಯಲ್ಲ ಎಂದು ಒಂದು ನೆಪವನ್ನೂ ಹುಡುಕಿಕೊಂಡಿದ್ದೆ. ನಾನು ಹೇಡಿ ಎನ್ನುವುದೇ ನಿಜವಾದ ಕಾರಣ.

ಹೀಗೇ ಮೂರು ವರ್ಷ ಹೋಯಿತು. ಹೋದ ತಿಂಗಳು ನ್ಯುಮೋನಿಯಾ ಆಗಿ ನಾಲ್ಕೇ ದಿನಕ್ಕೆ ಹೊರಟುಹೋದರು.

ಹದಿನಾರನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಊಟವಾಗಿ ಜನ ಚದುರಿದ ಮೇಲೆ ತಂಗಿ ನನ್ನನ್ನು ಹೊಲಿಗೆ ಮೆಷಿನ್ ಇರುವ ಕೋಣೆಗೆ ಕರೆದರು. ಸೆರಗಿನ ತುದಿಯಿಂದ ಮಾತ್ರೆಯ ಹಾಳೆಯೊಂದನ್ನು ತೆಗೆದರು.

"ಮೇಡಂ, ನಂಗೂ ಬಿಪಿ ಅಂತ ಬರ್ಕೊಟ್ಟವ್ರೆ. ತಗೊಂಡ್ರೆ ತಲೆ ಸುತ್ತುತ್ತೆ. ನಿಮ್ಮನ್ನ ಒಂದ್ ಮಾತು ಕೇಳಿ ತಗೊಳೋಣ ಅಂತ."

ಹಾಳೆಯನ್ನು ಮುಟ್ಟದೆ ಹಿಂದೆ ಸರಿದೆ. "ನನ್ನನ್ನ ಕೇಳ್ಬೇಡಿ. ದಯವಿಟ್ಟು ನನ್ನನ್ನ ಕೇಳ್ಬೇಡಿ" ಎಂದೆ. ಆಮೇಲೆ ತಡೆಯಲಾಗಲಿಲ್ಲ. ಬುಧವಾರದ ಫೋನು, ನನ್ನ ನಗು, ಎರಡು ದಿನ ಬಿಡಿ ಎಂದಿದ್ದು, ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡಿದ್ದು ಎಲ್ಲ ಹೇಳಿದೆ. ನಾನು ಹೇಳಿದ್ದಕ್ಕೇ ಅಕ್ಕ ಮಾತ್ರೆ ಬಿಟ್ಟರು, ನನ್ನಿಂದಲೇ ಅವರಿಗೆ ಹಾಗಾಯಿತು ಎಂದು ಅತ್ತೆ.

ತಂಗಿ ನಾನು ಮುಗಿಸುವ ತನಕ ಕಾದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನೀವ್ ಹೇಳಿದ್ದಕ್ಕೆ ಬಿಟ್ಟಿದ್ದಲ್ಲ ಮೇಡಂ. ನಿಮಗ್ ಫೋನ್ ಮಾಡೋಷ್ಟೊತ್ತಿಗೆ ಬಿಟ್ಟು ಐದ್ ದಿನ ಆಗಿತ್ತು."

ಒಂದು ಗಳಿಗೆ, ನಾಚಿಕೆಯಿಂದ ಹೇಳುತ್ತೇನೆ, ಎದೆ ಹಗುರವಾಯಿತು.

"ನಾನ್ ಬೈದೆ. ಕೇಳ್ಲಿಲ್ಲ. ನಿಂಗೇನ್ ಗೊತ್ತು ಅಂದ್ಲು. ಕೊನೆಗೆ, ಆಯ್ತು ಅವ್ಳನ್ನ ಕೇಳ್ತೀನಿ, ಅವ್ಳು ತಗೋ ಅಂದ್ರೆ ಈಗ್ಲೇ ತಗೋತೀನಿ ಅಂದ್ಲು. ನಾನ್ ನೀರು ತಂದಿಟ್ಟಿದ್ದೆ. ಎಡಗೈಯಲ್ಲಿ ಮಾತ್ರೆ ಇಟ್ಕೊಂಡೇ ನಿಮಗ್ ಫೋನ್ ಮಾಡಿದ್ದು."